ಯಲ್ಲಮ್ಮನ ಎಣ್ಣೆನೀರು

ಕೂಟಗಲ್ಲಿನಿಂದ ಮರಳವಾಡಿಗೆ ಸೊಸೆಯಾಗಿ ಬಂದ ಯಲ್ಲಮ್ಮನಿಗೆ ಇಲ್ಲಿ ಮೊದಲು ಸಿಕ್ಕಿದ್ದು ಹಾಸಿಗೆ ಹಿಡಿದ ಅತ್ತೆಯ ಚಾಕರಿ. ಮಗ್ಗುಲು ಹೇಗೆ ತಿರುಗಿಸಬೇಕು, ಬೆನ್ನು ಹುಣ್ಣಾಗದಂತೆ ಹೇಗೆ ಒರೆಸಬೇಕು, ಹರಳೆಣ್ಣೆ ಎಷ್ಟು ಬೆಚ್ಚಗಿರಬೇಕು ಎಂಬುದನ್ನೆಲ್ಲ ಆ ಅತ್ತೆ ಬೈದೂ ಬೈದೂ ಕಲಿಸಿದಳು. ಅವಳು ತೀರಿಕೊಂಡ ಮೇಲೆ ಬಾಣಂತಿಯರಿಗೆ, ಮುದುಕರಿಗೆ ಎಣ್ಣೆ ತಿಕ್ಕಿ ನೀರು ಹಾಕಲು ಊರವರೇ ಕರೆಯತೊಡಗಿದರು. ಯಲ್ಲಮ್ಮನಿಗೆ ಅದೇ ಬದುಕಾಯಿತು.

ನಮ್ಮ ಬೀದಿಯ ಬೋರಲಿಂಗಯ್ಯನಿಗೆ ಲಕ್ವ ಹೊಡೆದಾಗ ಮಗಳು ಸರಸಮ್ಮ ಇವಳನ್ನೇ ನೋಡಿಕೊಳ್ಳಲು ಇಟ್ಟುಕೊಂಡಳು. ಮುದುಕನ ಒಂದು ಕಡೆಯ ಕೈಕಾಲು ಬಿದ್ದುಹೋಗಿತ್ತೇ ಹೊರತು ಬಾಯಿ ಭದ್ರವಾಗಿತ್ತು. ಶನಿವಾರದ ಎಣ್ಣೆನೀರೆಂದರೆ ಅವನಿಗೆ ಪ್ರಾಣ.

ಹೀಗಿರುವಾಗ ಯಾವುದೋ ದೂರದ ಊರಲ್ಲಿ ನರ್ಸೊಬ್ಬಳು ತನ್ನನ್ನು ನಂಬಿದ ಮುದುಕರಿಗೇ ಸೂಜಿ ಚುಚ್ಚಿ ಕೊಂದಳೆಂದು ಟೀವಿಯಲ್ಲಿ ದಿನವಿಡೀ ಬಂತು. ಪಕ್ಕದ ಮನೆಯ ದೊಡ್ಡಹನುಮಯ್ಯ ಜಗಲಿಯ ಮೇಲೆ ಕೂತು, ಒಳಗೆ ಮಲಗಿದ್ದ ಮುದುಕನಿಗೂ ಕೇಳುವಂತೆ, ಅದಕ್ಕೊಂದು ಬಾಲ ಸೇರಿಸಿದ.

“ಸೂಜಿ ಯಾಕಣ್ಣ ಬೇಕು? ಬೇರೆ ಸೀಮೇಲಿ ತಲೆತುಂಬಾ ಎಣ್ಣೆ ಹಚ್ಚಿ, ತಣ್ಣೀರು ಹುಯ್ದು, ಎಳನೀರು ಕುಡಿಸ್ಬುಡ್ತಾರಂತೆ. ಮುದುಕ ಅಂಗೇ ತಣ್ಣಗೆ ಹೊಂಟೋಯ್ತಾನೆ. ಮನೆಯೋರೇ ಮಾಡಿಸ್ತಾರಂತೆ!”

ಆ ಶನಿವಾರ ಯಲ್ಲಮ್ಮ ಎಣ್ಣೆಬಟ್ಟಲು ಹಿಡಿದು ಬಂದಳು. ಬಾಗಿಲ ಬಳಿ ಸರಸಮ್ಮ ತರಿಸಿಟ್ಟ ಎಳನೀರಿತ್ತು. ಬೋರಲಿಂಗಯ್ಯ ಎರಡನ್ನೂ ನೋಡಿದ.

“ಕೊಂದ್ರಪ್ಪೋ! ಮಗಳೂ ಸೇರ್ಕೊಂಡವ್ಳೆ ಕಣ್ರಪ್ಪೋ!”

ಬೀದಿಯೆಲ್ಲ ನಕ್ಕಿತು. ಆದರೆ ನಗು ಬೀದಿ ದಾಟುವಷ್ಟರಲ್ಲಿ ಗುಮಾನಿಯಾಯಿತು. ಆಗಷ್ಟೇ ಮೊಮ್ಮಗನನ್ನು ಕಂಡಿದ್ದ ವೆಂಕಟಲಕ್ಷ್ಮಮ್ಮ, ತನ್ನ ಮನೆಯ ಬಾಣಂತಿಗೆ ನೀರು ಹಾಕಲು ಬರುವುದು ಬೇಡವೆಂದು ಹೇಳಿಕಳಿಸಿದಳು.

“ಬುಡಕ್ಕ, ಮರ್ತೋಯ್ತಾರೆ,” ಎಂದಳು ಎದುರು ಮನೆಯ ತಾಹೇರಾ.

“ಮುದುಕ ಮರ್ತಾನು, ಊರು ಮರ್ತದಾ? ಕೊಲೆಗಾತಿ ಅನ್ನಿಸ್ಕೊಂಡೋಳ ಮುಂದೆ ಯಾವ ಬಾಣಂತಿ ಕೂತಾಳವ್ವ?” ಎಂದಳು ಯಲ್ಲಮ್ಮ. ಅವಳ ಅನ್ನ, ಮಾನ ಎರಡೂ ಎಣ್ಣೆ ತಿಕ್ಕುವ ಆ ಕೈಯಲ್ಲೇ ಇದ್ದವು.

ಎಣ್ಣೆ ಕಾಣದ ಮೈ ಕಡಿಯತೊಡಗಿದಾಗ ಮುದುಕನೇ ಸೋತ. ಆದರೂ ಮನೆಯ ಮುಂದೆ, ನಾಲ್ಕು ಜನರ ಎದುರಿಗೇ ಸ್ನಾನ ಆಗಬೇಕೆಂದು ಹಟ ಹಿಡಿದ. ಸರಿ, ಅಂಗಳದಲ್ಲಿ ಹಂಡೆ ಕಾಯಿತು. ಬೀದಿ ಸೇರಿತು.

“ಕಣ್ಣಿಗೆ ಸೀಗೆಪುಡಿ ಬಿತ್ತಲ್ಲಮ್ಮೀ!”

“ಬೀಳ್ಲಿ ದೊಡ್ಡಪ್ಪ. ಬದುಕಿರೋರಿಗೇ ಉರಿಯೋದು.”

ತಲೆ ಒರೆಸಿ, ಕಂಬಳಿ ಹೊದಿಸಿ ಮಲಗಿಸಿದರು. ಎಣ್ಣೆನೀರು ಹಾಕಿಕೊಂಡವರು ಕೊರಡಿನಂತೆ ನಿದ್ದೆ ಮಾಡುತ್ತಾರೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆ ದಿನ ಮಾತ್ರ ಎಲ್ಲರಿಗೂ ಮರೆತೇಹೋಯಿತು. ಊಟದ ಹೊತ್ತಿಗೆ ಸರಸಮ್ಮ ಅಲುಗಿಸಿದರೂ ಅಪ್ಪ ಏಳಲಿಲ್ಲ. ದೊಡ್ಡಹನುಮಯ್ಯ ಮೂಗಿನ ಬಳಿ ನೂಲೆಳೆ ಹಿಡಿದ. ಎಳೆಯೇನೋ ಆಡಿತು, ಆದರೆ ಮೇಲೆ ಫ್ಯಾನೂ ತಿರುಗುತ್ತಿತ್ತು! ಯಾರೋ ಕನಕಪುರದಲ್ಲಿದ್ದ ಮುದುಕನ ಸೋದರಳಿಯ ಮರಿಯಪ್ಪನಿಗೆ, ಮಾವ ಹೋದನೆಂದು ಫೋನು ಹಚ್ಚಿಯೇಬಿಟ್ಟರು. ಎಲ್ಲರ ಕಣ್ಣೂ ಯಲ್ಲಮ್ಮನ ಕಡೆ ತಿರುಗಿದವು.

ಅವಳು ಮುದುಕನ ಎದೆಗೆ ಕಿವಿಯಿಟ್ಟು ಕೇಳಿದಳು.

“ಗುಂಡಿಗೆ ಚೆಂದಾಗಿ ಹೊಡ್ಕೊಳ್ತಾ ಐತೆ. ಮಲಗವ್ನೆ ಅಷ್ಟೆ. ಗಲಾಟೆ ಮಾಡ್ಬ್ಯಾಡಿ.”

ಅವಳ ಮಾತನ್ನು ನಂಬುವವರು ಯಾರು? ವಾದ ಮಾಡುತ್ತಲೇ ಗಂಟೆ ಕಳೆಯುವಷ್ಟರಲ್ಲಿ ಮರಿಯಪ್ಪ ಬಸ್ಸಿಳಿದು, ಕೈಯಲ್ಲಿ ಹೂವಿನ ಹಾರ ಹಿಡಿದು, ಬೀದಿ ತುದಿಯಿಂದಲೇ ಶುರುಮಾಡಿದ.

“ಅಯ್ಯೋ ಮಾವೋ! ಬುಟ್ಟೋದ್ಯಾ ಮಾವೋ!”

ಮುದುಕ ಕಣ್ಣು ಬಿಟ್ಟ. “ಯಾರ್ಲಾ ಸತ್ತೋದೋರು?”

“ನೀನೇಯ ಮಾವ,” ಎಂದ ಮರಿಯಪ್ಪ, ಅಳು ನಿಲ್ಲಿಸಲು ತಿಳಿಯದೆ.

ತಾಹೇರಾ ಸೆರಗು ಬಾಯಿಗೆ ತುರುಕಿಕೊಂಡಳು. ಬೋರಲಿಂಗಯ್ಯ ಸುತ್ತ ನಿಂತವರನ್ನೆಲ್ಲ ಒಂದು ಸುತ್ತು ನೋಡಿದ. ಯಲ್ಲಮ್ಮನ ಕೈಯನ್ನು ತನ್ನ ಒಳ್ಳೆಯ ಕೈಯಿಂದ ಹಿಡಿದುಕೊಂಡ.

“ಇಂಥ ನಿದ್ದೆ ಕಂಡು ಎಷ್ಟು ಕಾಲ ಆಗಿತ್ತು! ಎಬ್ಬಿಸ್ಬುಟ್ರಲ್ಲ ಪಾಪಿಗಳಾ. ಲೇ ಹನುಮ, ನೀನೂ ಒಂದಿನ ಇವಳ ಕೈಲಿ ನೀರು ಹುಯ್ಸ್ಕೊ, ತಲೇಲಿರೋ ಕಸ ಹೋಯ್ತದೆ. ಯಲ್ಲಿ, ಬರೋ ಶನಿವಾರ ಒಳಗೇ ಹುಯ್ಯಿ. ಬೀದೀಲಿ ಚಳಿ ಕಣಮ್ಮೀ.”

ಹಿಂದೆ ನಿಂತಿದ್ದ ವೆಂಕಟಲಕ್ಷ್ಮಮ್ಮ ಮೆಲ್ಲಗೆ ಮುಂದೆ ಬಂದಳು. “ಯಲ್ಲಕ್ಕ, ನಾಳೀಕೆ ನಮ್ಮನೆ ಕಡೀಕೂ ಒಸಿ ಬತ್ತೀಯಾ? ಮೊಮ್ಮಗ ಸರ್ಯಾಗಿ ಮಲಗ್ತಾನೇ ಇಲ್ಲ.”

“ಬತ್ತೀನಿ,” ಎಂದು ಯಲ್ಲಮ್ಮ ಕಣ್ಣೊರೆಸಿಕೊಂಡು ಮುದುಕನ ಕಡೆ ತಿರುಗಿದಳು. “ನೀನೊಂದು ಉಪಕಾರ ಮಾಡು ದೊಡ್ಡಪ್ಪ. ಇನ್ಮೇಲೆ ಮಲಗಿದಾಗ ಒಸಿ ಜೋರಾಗಿ ಗೊರಕೆ ಹೊಡಿ. ನನ್ ಮಾನ ಉಳೀತದೆ.”