ತಂಗಿಯ ಎಡಹುಬ್ಬು

ನನ್ನ ತಂಗಿಯ ಎಡಹುಬ್ಬು ನಿಜವಾಗಿ ಹುಬ್ಬಲ್ಲ, ತಲೆಗೂದಲು. ಹೀಗೆಂದರೆ ಕೇಳಿದವರು ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಅದು ಅವರ ತಪ್ಪಲ್ಲ. ಹತ್ತು ಹನ್ನೊಂದು ವರ್ಷ ಪ್ರತಿ ವಾರ ಅದನ್ನು ಒಂದು ಗೇಣು ದೂರದಿಂದ ನೋಡಿದ ನನಗೇ ಅದು ಪೂರ್ತಿ ಅರ್ಥವಾಗಿಲ್ಲ.

ಅದಕ್ಕೆ ಕಾರಣ ನಾನು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹದಿನೈದು, ಅವಳಿಗೆ ಹನ್ನೆರಡು. ಚಾಮರಾಜಪೇಟೆಯ ನಮ್ಮ ಮನೆಯ ಮುಂದೆ ದೀಪಾವಳಿಯ ಸಂಜೆ ಒಂದು ಹೂಕುಂಡಕ್ಕೆ ಬೆಂಕಿ ಇಟ್ಟೆ. ಅದು ಸುಮ್ಮನೆ ಕೂತಿತ್ತು. ಹತ್ತಿರ ಹೋಗಲು ನನಗೆ ಹೆದರಿಕೆ, ಹೆದರಿಕೆ ಎಂದು ಹೇಳಿಕೊಳ್ಳಲು ನಾಚಿಕೆ. "ಹೊತ್ತಿದ್ಯಾ ನೋಡೇ" ಎಂದು ಅವಳನ್ನು ಕಳಿಸಿದೆ. ಅವಳು ಬಗ್ಗಿ ನೋಡಿದಳು. ಅದು ಸಿಡಿಯಿತು. ಕಣ್ಣು ಉಳಿಯಿತು. ಎಡಹುಬ್ಬು ಪೂರ್ತಿ ಹೋಯಿತು, ಅದರ ಮೇಲೆ ಕಿವಿಯ ಕಡೆಗೆ ಮೂರು ಬೆರಳಗಲ ಚರ್ಮ ಸುಟ್ಟಿತು.

ಎರಡು ವಾರ ಕಳೆದ ಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಚರ್ಮದ ಕಸಿ ಮಾಡಬೇಕು ಎಂದರು. ನನ್ನ ಅಪ್ಪ ಹೈಸ್ಕೂಲು ಮೇಷ್ಟ್ರು. ಅವರಿಗೆ ಗೊತ್ತಿದ್ದ ಕಸಿ ಗುಲಾಬಿಯದು, ಮಾವಿನದು. "ಬೇರೆ ಗಿಡದ್ದು ತಂದು ಕಟ್ತಾರಲ್ಲ, ಹಾಗಾ?" ಎಂದು ಕೇಳಿದರು. ಬೇರೆ ಗಿಡ ಎಂದ ಕೂಡಲೇ ಅದು ನಾನೇ ಎಂದು ನನಗೆ ಖಚಿತವಾಗಿಬಿಟ್ಟಿತು. ಸುಟ್ಟವನು ನಾನು, ಕೊಡಬೇಕಾದವನೂ ನಾನು. ಲೆಕ್ಕ ಸರಿಯಾಗಿಯೇ ಇತ್ತು. ಎದ್ದು ನಿಂತು, "ನಂದು ತಗೊಳ್ಳಿ ಡಾಕ್ಟ್ರೇ" ಎಂದೆ. ಧ್ವನಿ ನಡುಗಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಡಾಕ್ಟರು ನಕ್ಕರು. "ನಿಂದು ಹಾಕಿದ್ರೆ ಅವಳ ಮೈ ಒಪ್ಪಲ್ಲಪ್ಪ. ಸ್ವಲ್ಪ ದಿನಕ್ಕೆ ಅದನ್ನ ಉದುರಿಸಿಬಿಡುತ್ತೆ. ಅವಳದ್ದೇ ಬೇಕು. ತೊಡೆಯಿಂದ ತೆಳ್ಳಗೆ ಒಂದು ಪದರ ತೆಗಿತೀವಿ."

ಸುಟ್ಟಿದ್ದು ಅವಳ ಹಣೆ, ಸುಲಿಯುವುದು ಅವಳದೇ ತೊಡೆ. ಇದರಲ್ಲಿ ನನಗೆ ಪಾಲೇ ಇಲ್ಲ ಎನ್ನುವುದು ಯಾವ ನ್ಯಾಯ ಎಂದು ತಿಳಿಯದೆ ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ. ಅಮ್ಮ ಅದನ್ನು ನೋಡಿ, ತಂಗಿಯ ಮೇಲೆ ಎಷ್ಟು ಪ್ರೀತಿ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಐದನೆಯ ದಿನ ಕಟ್ಟು ಬಿಚ್ಚಿದಾಗ ಕಸಿ ಹಿಡಿದಿತ್ತು. ತಂಗಿ ಹಣೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ತೊಡೆ ಉರಿಯುತ್ತದೆ ಎಂದು ವಾರಗಟ್ಟಲೆ ಗೋಳಾಡಿದಳು.

ಹುಬ್ಬಿನ ಸರದಿ ಬಂದದ್ದು ಒಂದು ವರ್ಷ ಬಿಟ್ಟು. ಈ ಸಲ ಅದೇ ಡಾಕ್ಟರು ಅವಳ ಕಿವಿಯ ಹಿಂದಿನಿಂದ ಕೂದಲು ಸಮೇತ ಒಂದು ಸಣ್ಣ ಪಟ್ಟಿ ಕತ್ತರಿಸಿ, ಕೂದಲು ಯಾವ ಕಡೆ ವಾಲಬೇಕೆಂದು ಮೊದಲೇ ಗುರುತು ಮಾಡಿಕೊಂಡು, ಹುಬ್ಬಿನ ಜಾಗದಲ್ಲಿ ಹೊಲಿದರು. ಮೂರು ವಾರಕ್ಕೆ ಆ ಕೂದಲೆಲ್ಲ ಉದುರಿತು. ಅಮ್ಮ ಎಲ್ಲಾ ಮುಗಿಯಿತೆಂದು ಊಟ ಬಿಟ್ಟರು. "ಬೇರು ಒಳಗಿದೆಯಮ್ಮ, ಬರುತ್ತೆ" ಎಂದರು ಡಾಕ್ಟರು. ಮೂರು ನಾಲ್ಕು ತಿಂಗಳಿಗೆ ನಿಜಕ್ಕೂ ಬಂತು. ಅಮ್ಮ ಗವಿಪುರದ ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿಸಿದರು. ಆಮೇಲೆ ಅದು ಬರುತ್ತಲೇ ಹೋಯಿತು. ನಿಲ್ಲಲೇ ಇಲ್ಲ. ಬಿಟ್ಟರೆ ರೆಪ್ಪೆಯ ಮೇಲೆ ಇಳಿಯುತ್ತಿತ್ತು.

ಮತ್ತೆ ಡಾಕ್ಟರ ಹತ್ತಿರ ಓಡಿದೆವು. ಅವರು ಶಾಂತವಾಗಿ, "ಅದು ತಲೆಕೂದಲಲ್ವಾ? ಜಾಗ ಬದಲಾದ್ರೂ ಅದರ ಸ್ವಭಾವ ಬದಲಾಗಲ್ಲ. ವಾರಕ್ಕೊಂದ್ಸಲ ಟ್ರಿಮ್ ಮಾಡ್ಕೊಂಡ್ರೆ ಆಯ್ತು" ಎಂದರು.

"ಎಷ್ಟು ದಿನ?" ಎಂದು ಅಪ್ಪ ಕೇಳಿದರು.

"ತಲೇಲಿ ಕೂದಲಿರೋ ತನಕ" ಎಂದರು.

ಮನೆಗೆ ಬಂದ ಮೇಲೆ ಅಸಲಿ ಗೊಂದಲ ಶುರುವಾಯಿತು. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ, ಏಕಾದಶಿ ಕೂದಲಿಗೆ ಕತ್ತರಿ ಹಾಕುವ ಮನೆಯಲ್ಲ ನಮ್ಮದು. ಆದರೆ ಇದು ಕೂದಲೋ, ಹುಬ್ಬೋ? ಕೂದಲೆಂದರೆ ಹೆಣ್ಣುಮಗಳು ತಲೆಗೂದಲು ಕತ್ತರಿಸಿಕೊಳ್ಳುವುದು ಅಮ್ಮನಿಗೆ ಒಪ್ಪಿಗೆಯಿಲ್ಲ. ಹುಬ್ಬೆಂದರೆ ಅದಕ್ಕೆ ನಿಯಮವೇ ಇಲ್ಲ. "ಹುಬ್ಬಿಗೆ ಶಾಸ್ತ್ರದಲ್ಲಿ ವಾರ ಹೇಳಿಲ್ಲ ಕಣೇ" ಎಂದು ಅಪ್ಪ ವಾದಿಸಿದರು. "ಹಣೇ ಮೇಲೆ ತಲೆಕೂದಲು ಬೆಳೆಯುತ್ತೆ ಅಂತಾನೂ ಶಾಸ್ತ್ರದಲ್ಲಿ ಹೇಳಿಲ್ಲ" ಎಂದರು ಅಮ್ಮ. ಕೊನೆಗೆ ಅಪ್ಪ ಗಡ್ಡ ಮೀಸೆ ಒಪ್ಪ ಮಾಡಿಕೊಳ್ಳುವ ಭಾನುವಾರವೇ ಇದಕ್ಕೂ ಆಗಲಿ ಎಂದು ತೀರ್ಮಾನವಾಯಿತು.

ಕತ್ತರಿ ಹಿಡಿದವನು ನಾನು. ಯಾರೂ ಹೇಳಲಿಲ್ಲ, ನಾನೇ ಹಿಡಿದೆ. ನಡುಮನೆಯ ಕಿಟಕಿಯ ಬಳಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಬೀದಿಯವರಿಗೆ ಕಾಣದಂತೆ ಅರ್ಧ ಬಾಗಿಲು ಹಾಕಿ, ಅಪ್ಪನ ಮೀಸೆಯ ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಒಮ್ಮೊಮ್ಮೆ ಎಡಗಡೆ ಜಾಸ್ತಿ ಕತ್ತರಿಸಿ, ಬಲಗಡೆಗೆ ಹೊಂದಿಸಲು ಹೋಗಿ, ದೇವರು ಕೊಟ್ಟ ಒಳ್ಳೆಯ ಹುಬ್ಬನ್ನೂ ಹಾಳು ಮಾಡುತ್ತಿದ್ದೆ. ಅವಳು ಬೈಯುತ್ತಿರಲಿಲ್ಲ. ರೆಪ್ಪೆಯ ಮೇಲೆ ಬಿದ್ದ ಚೂರುಗಳನ್ನು ಊದಿ, "ಆಯ್ತು, ಏಳು" ಎನ್ನುವ ತನಕ ಹತ್ತು ನಿಮಿಷ. ಪರೀಕ್ಷೆಯಿದ್ದರೂ ಜ್ವರವಿದ್ದರೂ ನಾನು ಅದನ್ನು ತಪ್ಪಿಸಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ತಿಂಗಳು ತರಬೇತಿಗೆಂದು ಹುಬ್ಬಳ್ಳಿಗೆ ಹೋಗಿದ್ದಾಗ ಮಾತ್ರ ತಪ್ಪಿತು. ವಾಪಸು ಬಂದು ನೋಡಿದರೆ ಹುಬ್ಬು ನೀಟಾಗಿತ್ತು. ಅಮ್ಮ ಮಾಡಿರಬೇಕು ಎಂದುಕೊಂಡೆ. ನನ್ನಷ್ಟು ಚೆನ್ನಾಗಿ ಮಾಡಿಲ್ಲ ಎಂದೂ ಅಂದುಕೊಂಡೆ.

ಹೊಸ ಶತಮಾನ ಬಂದ ಮೇಲೆ ಅವಳಿಗೆ ಗಂಡು ಹುಡುಕಲು ಶುರುಮಾಡಿದೆವು. ಅಷ್ಟರಲ್ಲಿ ಅವಳು ಒಂದು ಬ್ಯಾಂಕಿನಲ್ಲಿ ಗುಮಾಸ್ತೆ. ಹಣೆಯ ಕಲೆ ಬೈತಲೆಯ ಕೂದಲಿನಡಿ ಮುಚ್ಚಿಹೋಗುತ್ತಿತ್ತು. ಮಲ್ಲೇಶ್ವರದ ಒಂದು ಮನೆಯವರು ನೋಡಿ ಒಪ್ಪಿದರು. ಹುಡುಗ ಕಾಲೇಜಿನಲ್ಲಿ ಲೆಕ್ಚರರ್, ತಂದೆಯಿಲ್ಲ, ತಾಯಿ ಮಾತ್ರ. ಈಗ ಪ್ರಶ್ನೆ ಬಂದದ್ದು ಹುಬ್ಬಿನದು. ಹೇಳಬೇಕು ಎಂದರು ಅಪ್ಪ. "ಕೇಳಿದ್ರೆ ಹೇಳೋಣ, ಕೇಳದಿದ್ರೆ ನಾವಾಗೇ ಯಾಕೆ ಎತ್ತೋದು?" ಎಂದರು ಅಮ್ಮ. ನಾನು ಅಮ್ಮನ ಪಕ್ಷ ಹಿಡಿದೆ. ಹೇಳಿದರೆ ಹೇಗಾಯಿತು ಎಂದು ಕೇಳುತ್ತಾರೆ, ಆಗ ನನ್ನ ಹೆಸರೂ ಬರುತ್ತದೆ. ಈಗ ಒಪ್ಪಿಕೊಳ್ಳಬಹುದು, ನನ್ನ ಹೆದರಿಕೆ ಅವಳ ಮದುವೆಯದಷ್ಟೇ ಆಗಿರಲಿಲ್ಲ. ಕೆಲವು ದಿನದ ಮೇಲೆ ಅಪ್ಪ ಸುಮ್ಮನಾದರು, ನಾವು ಗೆದ್ದೆವೆಂದುಕೊಂಡೆ. ನಿಶ್ಚಿತಾರ್ಥ ಆಯಿತು.

ಅದಾಗಿ ಒಂದೂವರೆ ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟು ಒರಗಿದವರು ಏಳಲಿಲ್ಲ.

ಕರ್ಮ ಮಾಡುವ ಮಗ ನಾನೊಬ್ಬನೇ. ಸೂತಕ ಮುಗಿಯುವ ತನಕ ನಾನು ಕತ್ತರಿ ಮುಟ್ಟುವಂತಿಲ್ಲ. ಮನೆಯಲ್ಲಿ ಯಾರ ಕೂದಲೂ ಉಗುರೂ ತೆಗೆಯುವಂತಿಲ್ಲ. ಮೂಲೆಯಲ್ಲಿ ಚಾಪೆಯ ಮೇಲೆ ಕೂತು ಅಪ್ಪನ ಬಗ್ಗೆ ದುಃಖಪಡಬೇಕಾದ ನಾನು ದಿನವೂ ತಂಗಿಯ ಹುಬ್ಬು ನೋಡುತ್ತಿದ್ದೆ. ಆ ಭಾನುವಾರದ ಸರದಿ ತಪ್ಪಿತ್ತು. ಎಳೆಗಳು ದಿನದಿನಕ್ಕೆ ಇಳಿಯುತ್ತಿದ್ದವು. ನನಗೆ ನಿಜವಾಗಿ ಅಳು ಬರುತ್ತಿದ್ದುದು ಯಾತಕ್ಕೆ ಎಂದು ನನಗೇ ತಿಳಿಯುತ್ತಿರಲಿಲ್ಲ. ಅಪ್ಪ ಹೋದದ್ದಕ್ಕೋ, ಈ ಸಂಬಂಧ ತಪ್ಪುತ್ತದೆಂಬ ಭಯಕ್ಕೋ.

ಎಂಟನೆಯ ದಿನ, ಮುಂದಿನ ಭಾನುವಾರ, ಮಲ್ಲೇಶ್ವರದವರು ಮಾತಾಡಿಸಲು ಬರುತ್ತಾರೆ ಎಂದು ಫೋನು ಬಂತು. ಅಮ್ಮ ನನ್ನ ಬಳಿ ಬಂದು ಕೂತರು. ಮಂಗಳವಾರ ಉಗುರು ತೆಗೆದದ್ದಕ್ಕೆ ನನಗೆ ಹೊಡೆದಿದ್ದ ಅಮ್ಮ, "ಒಳಗೆ ಕರ್ಕೊಂಡೋಗಿ ಕತ್ತರಿಸಿಬಿಡೋ, ಯಾರಿಗೆ ಗೊತ್ತಾಗುತ್ತೆ" ಎಂದು ಪಿಸುಗುಟ್ಟಿದರು.

"ಅಪ್ಪನ ಕೆಲಸ ಕೆಡಲ್ವಾ?" ಎಂದೆ.

"ಅವರೇ ಹೇಳಿಲ್ವಾ, ಹುಬ್ಬಿಗೆ ಶಾಸ್ತ್ರ ಇಲ್ಲ ಅಂತ."

ಅಪ್ಪನ ಮಾತನ್ನು ಅಪ್ಪನಿಗೇ ತಿರುಗಿಸುತ್ತಿದ್ದಾರೆ ಎಂದು ರೇಗಿತು. ಆದರೂ ಎದ್ದು ಕತ್ತರಿ ಹುಡುಕಿದೆ. ಕೈಗೆ ಸಿಕ್ಕಿತು. ತಂಗಿಯನ್ನು ಕರೆದೆ. ಅವಳು ನನ್ನ ಕೈ ನೋಡಿ, "ಬೇಡ. ಇಟ್ಬಿಡು" ಎಂದಳು. ಅಷ್ಟೇ. ಅವಳು ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅವರು ಬಂದಾಗ ತಂಗಿ ಒಳಗೆ ಅವಿತುಕೊಳ್ಳಲಿಲ್ಲ. ಹೋಗಿ ಹುಡುಗನ ತಾಯಿಯ ಪಕ್ಕದಲ್ಲೇ ಕೂತಳು. ಕಣ್ಣಿಗೆ ಬೀಳುತ್ತಿದ್ದ ಎಳೆಗಳನ್ನು ಎಲ್ಲರೆದುರಿಗೆ ಬೆರಳಿನಿಂದ ಮೇಲಕ್ಕೆ ತಳ್ಳಿದಳು. ಆಕೆ ನೋಡಿದರು. ನೋಡಿ, ಸ್ವಲ್ಪ ಹೊತ್ತು ತಂಗಿಯ ಕೈ ಹಿಡಿದುಕೊಂಡು, ಆಮೇಲೆ ಎದ್ದರು. ಹುಡುಗನೂ ಎದ್ದ. ಇಬ್ಬರೂ ಹೋಗಿಬರುತ್ತೇವೆ ಎನ್ನದೆ ಮೆಟ್ಟಿಲಿಳಿದು ಹೋದರು.

ಸಾವಿನ ಮನೆಯಿಂದ ಯಾರೂ ಹೋಗಿಬರುತ್ತೇವೆ ಎಂದು ಹೇಳಿ ಹೊರಡುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಎಂಟು ದಿನ ಬಂದ ನೂರು ಜನರೂ ಹಾಗೆಯೇ ಹೋಗಿದ್ದರು. ಆದರೂ ನನ್ನ ತಲೆ ಕೆಟ್ಟಿತು. ಇದು ಸೂತಕದ ಮೌನವೋ, ಹುಬ್ಬಿನ ಮೌನವೋ? ಕೈ ಹಿಡಿದದ್ದು ಸಮಾಧಾನಕ್ಕೋ, ಇನ್ನು ನಿಮ್ಮ ದಾರಿ ನಿಮಗೆ ಎನ್ನುವುದಕ್ಕೋ? ಅಮ್ಮನನ್ನು ಕೇಳಿದರೆ, "ಬರ್ತೀವಿ ಅನ್ನಲಿಲ್ಲ ಅಲ್ವಾ" ಎಂದು ಅವರೂ ಅತ್ತರು. ತಾವೇ ಕಲಿಸಿದ ಪದ್ಧತಿ ಅವರಿಗೂ ಮರೆತುಹೋಗಿತ್ತು. ಎರಡು ದಿನ ನಾವಿಬ್ಬರೂ ಅದನ್ನೇ ಹಿಂದೆ ಮುಂದೆ ಹೊರಳಿಸಿ ನೋಡಿದೆವು. ಫೋನು ಮಾಡಿ ಕೇಳೋಣವೆಂದರೆ ಏನೆಂದು ಕೇಳುವುದು?

ಹತ್ತನೆಯ ದಿನ ನನ್ನ ತಲೆ, ಮೀಸೆ ಎರಡೂ ಬೋಳಾದವು. ಕರ್ಮ ಮುಗಿಸಿ ಮನೆಗೆ ಬಂದು ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕದಲ್ಲಿ ಕೂತಿದ್ದೆ. ತಂಗಿ ಬಂದು ಎದುರಿಗೆ ಕೂತಳು. ತಡೆಯಲಾಗದೆ ಹೇಳಿಬಿಟ್ಟೆ.

"ಅವರು ನೋಡಿಬಿಟ್ರು. ನನ್ನಿಂದ ನಿನ್ನ ಮದುವೆನೂ ಹಾಳಾಯ್ತು."

"ಅವರಿಗೆ ಗೊತ್ತಿತ್ತು" ಎಂದಳು. "ನಿಶ್ಚಿತಾರ್ಥಕ್ಕೆ ಮುಂಚೆನೇ ಅಪ್ಪ ನನ್ನನ್ನ ಮಲ್ಲೇಶ್ವರಕ್ಕೆ ಕರ್ಕೊಂಡೋಗಿ ಹೇಳಿಸಿದ್ರು. ನಾನೇ ಎಲ್ಲಾ ಹೇಳ್ದೆ. ಅವರಮ್ಮ ಮುಟ್ಟಿ ನೋಡಿ, ನೋವಾಗುತ್ತಾ ಅಂತ ಕೇಳಿದ್ರು, ಅಷ್ಟೇ. ನೀವಿಬ್ರೂ ಗಲಾಟೆ ಮಾಡ್ತೀರ ಅಂತ ಅಪ್ಪ ನಿಮಗೆ ಹೇಳ್ಬೇಡ ಅಂದ್ರು."

ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. "ಹೇಗಾಯ್ತು ಅಂತ ಕೇಳಲಿಲ್ವಾ?"

"ಕೇಳಿದ್ರು. ಪಟಾಕಿ ಸಿಡೀತು ಅಂದೆ. ಸಿಡಿದಿದ್ದು ಪಟಾಕಿನೇ ಅಲ್ವಾ?"

ಯಾಕೆಂದು ಗೊತ್ತಿಲ್ಲ, ಅಭ್ಯಾಸದ ಚಿಂತೆಯೇ ಬಾಯಿಗೆ ಬಂತು. "ಅಲ್ಲಿಗೆ ಹೋದ್ಮೇಲೆ ನಿಂಗೆ ಯಾರು ಕತ್ತರಿಸ್ತಾರೆ?"

ಅವಳು ನಕ್ಕಳು. "ಕನ್ನಡಿ ಮುಂದೆ ಎರಡು ನಿಮಿಷದ ಕೆಲಸ ಕಣೋ ಅಣ್ಣ. ನೀನು ಹುಬ್ಬಳ್ಳೀಲಿದ್ದಾಗ ಯಾರು ಮಾಡ್ತಿದ್ರು ಅಂದ್ಕೊಂಡೆ?"

"ಮತ್ತೆ ಇಷ್ಟು ವರ್ಷ ನನ್ನ ಮುಂದೆ ಯಾಕೆ ಕೂರ್ತಿದ್ದೆ?"

ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಆ ದೀಪಾವಳಿ ಆದ್ಮೇಲೆ ನೀನು ನನ್ನ ಮುಖ ನೋಡೋದೇ ಬಿಟ್ಬಿಟ್ಟೆ. ವಾರ ಪೂರ್ತಿ ಗೋಡೆ ಹತ್ರ, ನೆಲದ ಹತ್ರ ಮಾತಾಡ್ತಿದ್ದೆ. ಆ ಹತ್ತು ನಿಮಿಷ ಮಾತ್ರ ನೋಡ್ತಿದ್ದೆ. ಅದಕ್ಕೇ ಕೂರ್ತಿದ್ದೆ."

"ಸುಳ್ಳು ಹೇಳ್ಬೇಡ" ಎಂದು ರೇಗಿದೆ. ಹಾಗೆಲ್ಲ ಏನೂ ಇಲ್ಲ, ನೀನೇ ಏನೇನೋ ಕಲ್ಪಿಸಿಕೊಂಡಿದ್ದೀಯ, ದಿನವೂ ನೋಡುತ್ತಿದ್ದೆ, ಒಂದೇ ಮನೆಯಲ್ಲಿ ಇದ್ದು ಮುಖ ನೋಡದೆ ಇರಲು ಆಗುತ್ತದೆಯೇ ಎಂದು ಕೂಗಾಡಿದೆ. ಕೂಗಿ ಸುಸ್ತಾದ ಮೇಲೆ ಗೊತ್ತಾಯಿತು, ಅಷ್ಟು ಹೊತ್ತೂ ನಾನು ಒಗೆಯುವ ಕಲ್ಲನ್ನೇ ನೋಡುತ್ತಿದ್ದೆ.