ಮಕ್ಕಳಿಗೆ ಆಗ್ತದೆ ಎಂದು ನಾನು ಹೇಳಿದ ಪಿಚ್ಚರ್

ನಮ್ಮ ಭಜನಾ ಮಂದಿರದಲ್ಲಿ ಶನಿವಾರ ಸಂಜೆ ಮಕ್ಕಳಿಗೆ ಭಜನೆ ಕಲಿಸುತ್ತಾರೆ. ಮಕ್ಕಳು ಒಳಗೆ ತಾಳ ಹಾಕುವಾಗ ತಾಯಂದಿರು ಹೊರಗೆ ಜಗಲಿಯಲ್ಲಿ ಕೂತು ಮಾತಾಡುವುದು ರೂಢಿ. ಅಲ್ಲಿ ಪಿಚ್ಚರಿನ ವಿಷಯ ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. "ಅಕ್ಕ ಆಗ್ತದೆ ಹೇಳಿದ್ರೆ ಮತ್ತೆ ಹೆದರ್ಲಿಕ್ಕಿಲ್ಲ" ಎನ್ನುವುದು ಅವರ ಮಾತು. ಟಿ.ವಿ.ಯಲ್ಲಿ ಯಾರಾದರೂ ಬಾಟಲಿ ಎತ್ತಿದರೆ ಅವನು ಬಾಯಿಗೆ ಇಡುವ ಮೊದಲು ನಾನು ಬಂದ್ ಮಾಡಿ ಆಗಿರುತ್ತದೆ. ಈ ಹೆಸರು ನನಗೆ ಇಷ್ಟವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಷ್ಟವೇ ಇತ್ತು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಪುತ್ತೂರಿಗೆ ಒಂದು ತುಳು ಪಿಚ್ಚರ್ ಬಂತು. ನಗಾಡಿ ನಗಾಡಿ ಹೊಟ್ಟೆ ನೋಯುತ್ತದೆ, ಮನೆಮಂದಿ ಎಲ್ಲ ಒಟ್ಟಿಗೆ ಕೂತು ನೋಡಬಹುದು ಎಂದು ಆಟೋಗಳ ಹಿಂದೆಲ್ಲ ಅಂಟಿಸಿದ್ದರು. ಮನೆಮಂದಿ ಎಂದು ಬರೆದದ್ದೆಲ್ಲ ಮನೆಗೆ ಆಗುವಂಥದ್ದಲ್ಲ ಎಂದು ನನಗೆ ಗೊತ್ತುಂಟು. ಆದ್ದರಿಂದ ಡಾಕ್ಟರಿಗೆ ಹಲ್ಲು ತೋರಿಸಲು ಕಡಬದಿಂದ ಬಂದಿದ್ದ ನನ್ನ ತಂಗಿಯನ್ನು ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೋದೆ. ಮಗುವಿಗೆ ಕೊಡುವ ಹಾಲನ್ನು ಮೊದಲು ನಮ್ಮ ಕೈಯ ಮೇಲೆ ಒಂದು ತೊಟ್ಟು ಬಿಟ್ಟು ನೋಡುವುದಿಲ್ಲವೇ, ಹಾಗೆ.

ಕತೆ ಎಂದರೆ ಇಷ್ಟೇ. ಒಂದು ಮನೆಯವರು ಅಜ್ಜಿಯ ಕಾಲದ ಕಪಾಟನ್ನು ಹೊಸ ಮನೆಗೆ ಸಾಗಿಸುತ್ತಾರೆ. ಅದು ಮೆಟ್ಟಿಲಲ್ಲಿ ಸಿಕ್ಕಿಬೀಳುತ್ತದೆ, ಭಾವನ ಕಾಲಿನ ಮೇಲೆ ಕೂರುತ್ತದೆ, ಪಿಕಪ್ಪಿನಿಂದ ಜಾರಿ ಇಳಿಜಾರಿನಲ್ಲಿ ತಾನೇ ಓಡುತ್ತದೆ. ನಾನು ನನ್ನ ಲೆಕ್ಕದಲ್ಲಿ ನೋಡುತ್ತಾ ಹೋದೆ. ಕುಡಿಯುವುದು ಇಲ್ಲ. ಬೀಡಿ ಒಂದು ಕಡೆ ಉಂಟು, ಆದರೆ ಬೆಂಕಿಪೆಟ್ಟಿಗೆ ಒದ್ದೆಯಾಗಿ ಅದು ಹತ್ತುವುದೇ ಇಲ್ಲ. ಹೆಂಗಸರ ಉಡುಪು ಸರಿ. ಕೊಳಕು ಮಾತಿಲ್ಲ. ಕಪಾಟು ಉರುಳಿ ಬರುವಾಗ ಅಜ್ಜಿ ಮೊದಲು ದೇವರ ದೀಪವನ್ನು ಎತ್ತಿಕೊಂಡು ಬದಿಗೆ ಸರಿಯುತ್ತಾಳೆ. ಅಲ್ಲಿಗೆ ನಾನು ಪಿಚ್ಚರಿಗೆ ಪೂರ್ತಿ ಅಂಕ ಕೊಟ್ಟುಬಿಟ್ಟೆ.

ಅದರಲ್ಲಿ ಒಬ್ಬ ಗುಜರಿಯವರು ಬರುತ್ತಾರೆ. ವಯಸ್ಸಾದ ಬ್ಯಾರಿ ಮುಸಲ್ಮಾನರು, ತಲೆಯ ಮೇಲೆ ಬಿಳಿ ಟೊಪ್ಪಿ, ಕುತ್ತಿಗೆಗೆ ಸುತ್ತಿದ ಕರವಸ್ತ್ರ. ಹಳೆಯ ಕಪಾಟನ್ನು ನೋಡಲು ಬಂದವರು ಅದರ ಒಳಗೆ ಏನೋ ಕಂಡಿರುತ್ತಾರೆ. ಅದನ್ನು ಹೇಳಲು ಮತ್ತೆ ಮತ್ತೆ ಬಂದು, "ಒಂದು ಮಾತು ಉಂಟು ಮಾರಾಯ್ರೆ" ಎಂದು ಶುರು ಮಾಡುತ್ತಾರೆ. ಅಷ್ಟರಲ್ಲಿ ಬಾಗಿಲು ಅವರ ಮೂಗಿಗೆ ಬಡಿಯುತ್ತದೆ, ಇಲ್ಲವೇ ಸುಣ್ಣದ ಬಾಲ್ದಿ ತಲೆಯ ಮೇಲೆ ಕವುಚುತ್ತದೆ, ಇಲ್ಲವೇ ಆಡು ಹಿಂದಿನಿಂದ ಹಾಯುತ್ತದೆ. ಕಡೆಗೆ ಗೊತ್ತಾಗುವುದು, ಅಜ್ಜಿಯ ಕಳೆದುಹೋದ ಚಿನ್ನದ ಸರ ಕಪಾಟಿನ ಹಲಗೆಯ ಸಂದಿಯಲ್ಲಿ ಇತ್ತು ಎಂದು. ಅದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಮನೆಯವರೆಲ್ಲ ಒಬ್ಬೊಬ್ಬರಾಗಿ ಅವರ ತಲೆಗೆ ಒಂದೊಂದು ಕೊಡುತ್ತಾರೆ.

ನಾನು ಹೆಚ್ಚು ನಗಾಡಿದ್ದು ಅಲ್ಲಿ. ತಂಗಿಗೆ ಹಲ್ಲಿನ ಡಾಕ್ಟರು ಕೊಟ್ಟ ಸೂಜಿಯಿಂದ ಅರ್ಧ ಬಾಯಿ ಮರಗಟ್ಟಿತ್ತು. ಅವಳು ಉಳಿದರ್ಧದಲ್ಲಿ ನಗಾಡಿದಳು.

ಅದು ಅಲ್ಲಿಗೇ ನಿಂತಿದ್ದರೂ ಸಾಕಿತ್ತು. ರಾತ್ರಿ ಬಡಿಸುವಾಗ ಮನೆಯವರು "ಎಂತ ಉಂಟು ನಿನ್ನ ಪಿಚ್ಚರಿನಲ್ಲಿ?" ಎಂದು ಕೇಳಿದ್ದಕ್ಕೆ ನಾನು ಜರಡಿಯನ್ನು ತಲೆಯ ಮೇಲೆ ಕವುಚಿಕೊಂಡು, ಸೆರಗನ್ನು ಕುತ್ತಿಗೆಗೆ ಸುತ್ತಿ, "ಒಂದು ಮಾತು ಉಂಟು ಮಾರಾಯ್ರೆ" ಎಂದು ಹೇಳಿ ಗೋಡೆಗೆ ಬಡಿದಂತೆ ಹಿಂದಕ್ಕೆ ವಾಲಿದೆ.

"ನೀನು ನಾಟಕಕ್ಕೆ ಸೇರು ಮಾರಾಯ್ತಿ, ಇಲ್ಲಿ ಸೌಟು ಹಿಡಿದು ಎಂತ ಮಾಡ್ತಿ?" ಎಂದು ಮನೆಯವರು ನಗಾಡಿದರು.

ಎರಡನೇ ಕ್ಲಾಸಿನ ಮಗಳು ಊಟ ಬಿಟ್ಟು ಎದ್ದು ಬಂದು, "ಅಮ್ಮ, ಇನ್ನೊಂದು ಸಲ ಮಾಡು" ಎಂದಳು. ಮಾಡಿದೆ.

ನಮ್ಮ ಮನೆ ಪುತ್ತೂರು ಪೇಟೆ ದಾಟಿ ನರಿಮೊಗರಿನ ಕಡೆಗೆ ಹೋಗುವಾಗ ಸಿಗುತ್ತದೆ. ಪಕ್ಕದ ಮನೆ ಬ್ಯಾರಿಗಳದ್ದು. ನಡುವೆ ಸೊಂಟದಷ್ಟು ಎತ್ತರದ ಗೋಡೆ. ಅದರ ಮೇಲಿಂದ ನಮ್ಮ ಕಡುಬು ಆಚೆ, ಅವರ ಅಕ್ಕಿಯ ಪತ್ತಿರಿ ಈಚೆ ಹೋಗಿ ಬಂದು ಗೋಡೆಯ ಆ ಜಾಗ ನುಣುಪಾಗಿದೆ. ಮನೆಯ ಯಜಮಾನ ಗಲ್ಫಿನಲ್ಲಿ. ಇಲ್ಲಿ ಅವನ ಹೆಂಡತಿ, ಕೈಕೂಸು, ನನ್ನ ಮಗಳ ಕ್ಲಾಸಿನಲ್ಲೇ ಓದುವ ಮಗಳು, ಮತ್ತು ಅವನ ತಂದೆ. ಆ ಅಜ್ಜ ಒಂದು ಕಾಲದಲ್ಲಿ ಕೊಲ್ಲಮೊಗ್ರು ಕಡೆಯ ಕೆಸರು ದಾರಿಯಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದವರು. ನನಗೆ ಹೆರಿಗೆ ನೋವು ಬಂದ ದಿನ ಮನೆಯವರು ಸುಳ್ಯದಲ್ಲಿದ್ದರು. ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಅದೇ ಜೀಪು. ಜೀಪು ಮಾರಿ ವರ್ಷಗಳಾದವು. ಧೂಳಿಗೆಂದು ಕುತ್ತಿಗೆಗೆ ಸುತ್ತುತ್ತಿದ್ದ ಕರವಸ್ತ್ರವನ್ನು ಮಾತ್ರ ಅವರು ಇನ್ನೂ ಬಿಟ್ಟಿಲ್ಲ.

ಇಷ್ಟನ್ನು ಬರೆಯುವಾಗ ಈಗ ಎಲ್ಲ ಎದ್ದು ಕಾಣುತ್ತದೆ. ಆಗ ನನಗೆ ಕಾಣಲಿಲ್ಲ.

ಭಾನುವಾರ ಮಗಳನ್ನು ಪಿಚ್ಚರಿಗೆ ಕರೆದುಕೊಂಡು ಹೋಗುವಾಗ ಅವರ ಹುಡುಗಿಯನ್ನೂ ಕಳಿಸುತ್ತೀಯಾ ಎಂದು ಗೋಡೆಯ ಈಚೆಯಿಂದ ಕೇಳಿದೆ. ಅವಳ ತಾಯಿ ಸ್ವಲ್ಪ ಯೋಚನೆ ಮಾಡಿದಳು.

"ಇವಳು ಟಾಕೀಸಿಗೆ ಹೋಗುದು ಇದೇ ಸುರು ಅಕ್ಕ. ಮಕ್ಕಳಿಗೆ ಆಗುವಂಥದ್ದಾ?"

"ನಾನೇ ನೋಡಿ ಬಂದಿದ್ದೇನೆ. ಎಂತ ತೊಂದರೆ ಇಲ್ಲ. ಮಕ್ಕಳಿಗೆ ಅಂತಲೇ ಮಾಡಿದ ಹಾಗೆ ಉಂಟು."

"ನೀವು ನೋಡಿದ ಮೇಲೆ ನಾನು ಎಂತ ಕೇಳುದು."

ಹೊರಡುವಾಗ ಅಜ್ಜ ತಲೆಯ ಬಿಳಿ ಟೊಪ್ಪಿ ಸರಿಮಾಡಿಕೊಳ್ಳುತ್ತಾ ಗೇಟಿನವರೆಗೆ ಬಂದರು. "ಒಂದು ಮಾತು ಉಂಟು," ಎಂದು ತಮ್ಮ ಯಾವತ್ತಿನ ರೀತಿಯಲ್ಲಿ ಶುರು ಮಾಡಿದರು. "ಎದುರಿನ ಸೀಟು ಬೇಡ. ಮಕ್ಕಳ ಕುತ್ತಿಗೆ ನೋಯ್ತದೆ. ಹಿಂದೆ ಕೂತ್ಕೊಳ್ಳಿ." ಆಯ್ತು ಎಂದು ಹೇಳಿ ಬಸ್ಸಿಗೆ ಓಡಿದೆ. ಆಗಲೂ ನನ್ನ ತಲೆಗೆ ಹೊಳೆಯಲಿಲ್ಲ.

ಹಿಂದಿನ ಸೀಟೇ ಸಿಕ್ಕಿತು. ಮಳೆಯೂ ಬರಲಿಲ್ಲ. ಇಂಥದ್ದನ್ನೆಲ್ಲ ದೇವರ ಉಪಕಾರ ಎಂದು ಎಣಿಸುವುದು ನನ್ನ ಅಭ್ಯಾಸ. ಆ ದಿನವೂ ಎಣಿಸಿಕೊಂಡು ಕೂತೆ. ಬಲಗಡೆ ನನ್ನ ಮಗಳು, ಎಡಗಡೆ ಆ ಹುಡುಗಿ. ಕಪಾಟು ಮೆಟ್ಟಿಲಲ್ಲಿ ಸಿಕ್ಕಿದಾಗ ಇಬ್ಬರೂ ಕೇಕೆ ಹಾಕಿ ನಕ್ಕರು. ಆಮೇಲೆ ಗುಜರಿಯವರು ಬಂದರು.

ಹುಡುಗಿ ಸೀಟಿನಿಂದ ಎದ್ದೇ ನಿಂತಳು. "ಉಪ್ಪಾಪ," ಎಂದಳು. ಅಜ್ಜನನ್ನು ಅವಳು ಕರೆಯುವುದು ಹಾಗೆ. ನನ್ನ ಕೈ ಹಿಡಿದು ಜಗ್ಗಿ, "ಆಂಟಿ, ಇವರು ನಮ್ಮ ಉಪ್ಪಾಪನ ಹಾಗೆಯೇ ಇದ್ದಾರೆ. ನೋಡಿ, ಕರ್ಚೀಫು ಸಹ ಉಂಟು," ಎಂದಳು. ಅವಳ ಮುಖದಲ್ಲಿ ಅಂಥ ಸಂತೋಷ ನಾನು ಹಬ್ಬದ ದಿನವೂ ಕಂಡಿರಲಿಲ್ಲ. ಇಷ್ಟು ದೊಡ್ಡ ಪರದೆಯ ಮೇಲೆ, ಇಷ್ಟು ಜನರ ಎದುರು, ತನ್ನ ಮನೆಯವರು.

"ಒಂದು ಮಾತು ಉಂಟು ಮಾರಾಯ್ರೆ," ಎಂದರು ಗುಜರಿಯವರು. ಬಾಗಿಲು ಬಡಿಯಿತು. ಇಡೀ ಟಾಕೀಸು ನಕ್ಕಿತು. ನನ್ನ ಬಲಗಡೆ ಮಗಳು ಬಾಗಿಲಿಗಿಂತ ಮೊದಲೇ ನಗಾಡಿದ್ದಳು. ಅವಳಿಗೆ ಮುಂದೆ ಏನಾಗುತ್ತದೆ ಎಂದು ನಮ್ಮ ಅಡುಗೆಮನೆಯಲ್ಲೇ ಗೊತ್ತಾಗಿತ್ತು.

ಹುಡುಗಿಯೂ ನಕ್ಕಳು, ಮೊದಲ ಸಲ. ಸುಣ್ಣದ ಬಾಲ್ದಿಗೆ ಅರ್ಧ ನಕ್ಕಳು. ಆಡು ಹಾಯುವಾಗ ಅವಳು ಪರದೆ ನೋಡುತ್ತಿರಲಿಲ್ಲ. ಹಿಂದಿನ ಸಾಲು, ಪಕ್ಕದ ಸಾಲು, ನಗುವವರ ಮುಖಗಳನ್ನು ನೋಡುತ್ತಿದ್ದಳು. ಕಡೆಗೆ ನನ್ನ ಮುಖ ನೋಡಿದಳು. ನಾನು ನಗುತ್ತಿರಲಿಲ್ಲ. ಆದರೆ ನನ್ನ ಬಾಯಿ ನಗುವಿನ ಆಕಾರದಲ್ಲೇ ಇತ್ತು, ಅದನ್ನು ಮುಚ್ಚಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಎದ್ದು ಹೊರಗೆ ಹೋಗಬಹುದಿತ್ತು. ಸಾಲಿನ ನಡುವಿನಿಂದ ಎಬ್ಬಿಸಿಕೊಂಡು ಹೋದರೆ ಜನ ಎಂತ ಹೇಳಿಯಾರು ಎಂದು ಕೂತೆ.

ಬಸ್ಸಿನಲ್ಲಿ ಅವಳು ಒಂದೇ ಪ್ರಶ್ನೆ ಕೇಳಿದಳು. "ಅವರು ಒಳ್ಳೇದು ಹೇಳ್ಲಿಕ್ಕೆ ಬಂದದ್ದಲ್ವಾ ಆಂಟಿ? ಮತ್ತೆ ಯಾಕೆ ಎಲ್ಲರೂ ಹೊಡೆದದ್ದು?"

"ಅದು ತಮಾಷೆಗೆ ಮಗಾ," ಎಂದೆ.

ಮರುದಿನ ಮಧ್ಯಾಹ್ನ ಶಾಲೆಯ ವ್ಯಾನು ಬರುವ ಹೊತ್ತಿಗೆ ದಿನದ ಹಾಗೆ ರಸ್ತೆಯ ಬದಿಗೆ ಹೋದೆ. ಅಜ್ಜ ನನಗಿಂತ ಮೊದಲೇ ಬಂದು ನಿಂತಿದ್ದರು. ವ್ಯಾನು ನಿಲ್ಲುವುದೇ ತಡ ಆ ಹುಡುಗಿ ಹಾರಿ ಇಳಿದು, ಓಡಿ ಬಂದು, ಚೀಲವನ್ನು ಅಜ್ಜನ ಕೈಗೆ ಕೊಟ್ಟು ಬೆರಳು ಹಿಡಿಯುವುದು ದಿನದ ಕ್ರಮ. ಆ ದಿನ ವ್ಯಾನು ನಿಲ್ಲುವಾಗಲೇ ಒಳಗಿನಿಂದ ಕೇಳಿಸಿತು: "ಒಂದು ಮಾತು ಉಂಟು ಮಾರಾಯ್ರೆ." ಆಮೇಲೆ ಚಟ್ ಎಂದು ಒಂದು ಪೆಟ್ಟಿನ ಶಬ್ದ, ಆಮೇಲೆ ಮಕ್ಕಳ ನಗು.

"ಓ, ಯಾರೋ ನನ್ನ ಹಾಗೆ ಹೇಳ್ತಾರಲ್ಲ," ಎಂದು ಅಜ್ಜ ನನ್ನ ಕಡೆ ತಿರುಗಿ ನಕ್ಕರು. ಅವರಿಗೆ ಖುಷಿಯಾಗಿತ್ತು.

ಕಿಟಕಿಯಲ್ಲಿ ಕಂಡದ್ದು ನನ್ನ ಮಗಳು. ಬುತ್ತಿಯ ಮುಚ್ಚಳ ತಲೆಯ ಮೇಲೆ. ತಲೆ ಹಿಂದಕ್ಕೆ ವಾಲಿಸಿದ ರೀತಿ ನನ್ನದೇ.

ಹುಡುಗಿ ಎಲ್ಲರಿಗಿಂತ ಕೊನೆಗೆ ಇಳಿದಳು. ಅಜ್ಜನ ಕಡೆಗೆ ಹೋಗದೆ ನನ್ನ ಆಚೆ ಬದಿಗೆ ಬಂದು ನಿಂತಳು. ಚೀಲವನ್ನು ತಾನೇ ಹೊತ್ತುಕೊಂಡಳು.

ಮನೆಗೆ ಬಂದು ಮಗಳನ್ನು ಗದರಿದೆ. "ಹಾಗೆಲ್ಲ ಮಾಡ್ಲಿಕ್ಕಿಲ್ಲ. ಆ ಅಜ್ಜನಿಗೆ ಬೇಸರ ಆಗುದಿಲ್ವಾ?"

"ನೀನೇ ಮಾಡಿದ್ದಲ್ವಾ ಅಮ್ಮ," ಎಂದಳು. ಅವಳು ಎದುರುತ್ತರ ಕೊಟ್ಟದ್ದಲ್ಲ, ಇದ್ದದ್ದನ್ನು ಹೇಳಿದ್ದು. "ನಾನು ಇನ್ನೊಂದು ಸಲ ಕೇಳಿದ್ದಕ್ಕೂ ಮಾಡಿದ್ದಿ."

ಸಂಜೆ ಆ ಹುಡುಗಿ ಆಟಕ್ಕೆ ಬಂದವಳು ಆಡಲಿಲ್ಲ. ನಾನು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಲ್ಲಿಗೆ ಬಂದು ಬಾಗಿಲಿಗೆ ಒರಗಿ ನಿಂತಳು.

"ಆಂಟಿ, ನಾಳೆಯಿಂದ ವ್ಯಾನಿನಿಂದ ನನ್ನನ್ನೂ ನೀವೇ ಕರ್ಕೊಂಡು ಬರ್ತೀರಾ? ಉಪ್ಪಾಪ ಬರುದು ಬೇಡ."

"ಯಾಕೆ ಮಗಾ?"

"ಅವರಿಗೆ ಕಾಲು ನೋವು."

ಅವರಿಗೆ ಕಾಲು ನೋವಿಲ್ಲ. ಏಳು ವರ್ಷದ ಮಗು ಸುಳ್ಳು ಹೇಳಿದ್ದು ನನಗೆ ಗೊತ್ತಾಯಿತು. ಆ ಸುಳ್ಳು ಎಲ್ಲಿಂದ ಬಂತು ಎಂದೂ ಗೊತ್ತಾಯಿತು. ಕುಡಿಯುವುದು ಇದೆಯೇ, ಬೀಡಿ ಇದೆಯೇ ಎಂದು ಹುಡುಕಿದವಳು ನಾನು. ಒಂದು ಮಗುವಿಗೆ ತನ್ನ ಅಜ್ಜನ ಬಗ್ಗೆ ನಾಚಿಕೆ ಕಲಿಸುವುದು ಇದೆಯೇ ಎಂದು ನೋಡಲೇ ಇಲ್ಲ. ನೋಡುವುದು ಹೇಗೆ, ನಾನೇ ನಗಾಡುತ್ತಿದ್ದೆ.

ದೀಪ ಹಚ್ಚಿದೆ. ಅವತ್ತು ದೇವರ ಉಪಕಾರ ಎಂದು ಎಣಿಸಲು ಏನೂ ನೆನಪಾಗಲಿಲ್ಲ. ಪ್ರಾರ್ಥನೆಯನ್ನು ಅರ್ಧಕ್ಕೆ ಬಿಟ್ಟು ಪಕ್ಕದ ಮನೆಗೆ ಹೋದೆ. ಸುಮ್ಮನೆ ಆ ಹುಡುಗಿಯನ್ನು ಕರೆತರಲು ಒಪ್ಪಿಬಿಟ್ಟರೆ ಅಜ್ಜ ಕಾರಣ ಕೇಳುತ್ತಾರೆ, ಅವಳು ಇನ್ನೊಂದು ಸುಳ್ಳು ಹೇಳಬೇಕು. ಅದಕ್ಕಿಂತ ನಾನೇ ಹೇಳುವುದು ವಾಸಿ ಎಂದು ಕಂಡಿತು.

ಅವರು ನಮಾಜು ಮುಗಿಸಿ ಜಗಲಿಯಲ್ಲಿ ಕೂತಿದ್ದರು. ನಾನು ನಿಂತೇ ಹೇಳಿದೆ. ಪಿಚ್ಚರಿನ ಕತೆ, ಟೊಪ್ಪಿ, ಕರವಸ್ತ್ರ, ಆ ಮಾತು, ಬಾಗಿಲು, ಬಾಲ್ದಿ, ವ್ಯಾನಿನಲ್ಲಿ ನನ್ನ ಮಗಳು ಮಾಡಿದ್ದು, ಹುಡುಗಿ ಕೇಳಿದ್ದು.

"ನೀವು ನಗಾಡಿದಿರಾ?" ಎಂದರು.

"ನಗಾಡಿದೆ. ಮೊದಲ ಸಲ. ಮನೆಯಲ್ಲಿ ಮಾಡಿ ಸಹ ತೋರಿಸಿದೆ."

ಅವರು ಕರವಸ್ತ್ರವನ್ನು ಬಿಚ್ಚಿ ಮುಖ ಒರೆಸಿಕೊಂಡು ಮತ್ತೆ ಸುತ್ತಿಕೊಂಡರು. "ಹಾಗಾದ್ರೆ ಮಕ್ಕಳಿಗೆ ಬೈಬೇಡಿ. ದೊಡ್ಡವರು ಎಲ್ಲಿ ನಗಾಡ್ತಾರೋ ಅವರೂ ಅಲ್ಲಿಯೇ ನಗಾಡುದು."

"ನಾಳೆ ನಾನು ಕರ್ಕೊಂಡು ಬರ್ಬೇಕಾ?"

"ಬೇಡ. ನಾನೇ ಬರ್ತೇನೆ. ನಾನು ಬರದಿದ್ರೆ ಅವಳು ನಾಚಿದ್ದೇ ಸರಿ ಅಂತ ಆಗ್ತದೆ." ಆಮೇಲೆ "ಒಂದು ಮಾತು—" ಎಂದವರು ಅಲ್ಲಿಗೇ ನಿಲ್ಲಿಸಿದರು. ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆ ಮಾತು ಏನಿತ್ತೋ, ಅವರು ಹೇಳಲಿಲ್ಲ. ಪಿಚ್ಚರಿನಲ್ಲಿ ಬಾಗಿಲು ಬಡಿದದ್ದಕ್ಕಿಂತ ಅದು ಜೋರಾಗಿ ಬಡಿಯಿತು.

ಮರುದಿನ ಅವರು ಬಂದರು. ಅದೇ ಟೊಪ್ಪಿ, ಅದೇ ಕರವಸ್ತ್ರ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಮಳೆ, ಬಿಸಿಲು ಎಂದು ದಿನಾ ಏನಾದರೂ ಮಾತಾಡುವವರು ಆ ದಿನ ಮಾತಾಡಲಿಲ್ಲ. ವ್ಯಾನು ಬಂತು. ನನ್ನ ಮಗಳು ಸುಮ್ಮನೆ ಇಳಿದಳು. ನಾನು ಹಿಂದಿನ ರಾತ್ರಿ ಅವಳನ್ನು ಕೂರಿಸಿ, ತಪ್ಪು ಮೊದಲು ಮಾಡಿದ್ದು ನಾನು ಎಂದು ಹೇಳಿದ್ದೆ. ಒಳಗಿನಿಂದ ಬೇರೆ ಯಾರೋ "ಒಂದು ಮಾತು ಉಂಟು" ಎಂದು ಕೂಗಿದರು. ನಾನೂ ಮಗಳೂ ಬಾಯಿ ಮುಚ್ಚಿದ ಮಾತ್ರಕ್ಕೆ ಊರು ಬಾಯಿ ಮುಚ್ಚುತ್ತದೆಯೇ.

ಹುಡುಗಿ ಇಳಿದಳು. ಓಡಲಿಲ್ಲ. ನನ್ನನ್ನು ನೋಡಿದಳು, ಅಜ್ಜನನ್ನು ನೋಡಿದಳು. ಆಮೇಲೆ ನಡೆದು ಹೋಗಿ ಚೀಲವನ್ನು ಅವರ ಕೈಗೆ ಕೊಟ್ಟು, ಒಂದು ಹೆಜ್ಜೆ ಹಿಂದೆ ಉಳಿದಳು. ಅಜ್ಜ ಚೀಲ ಹೆಗಲಿಗೆ ಹಾಕಿಕೊಂಡು ತಿರುಗಿ ನೋಡದೆ ಮುಂದೆ ನಡೆದರು. ವ್ಯಾನು ತಿರುವು ದಾಟಿ ಮರೆಯಾಯಿತು. ಆಗ ಅವಳು ಬೇಗ ಬೇಗ ಹೋಗಿ ಅವರ ಬೆರಳು ಹಿಡಿದಳು.

ಆಮೇಲಿನ ಶನಿವಾರ ಮಂದಿರದ ಜಗಲಿಯಲ್ಲಿ ಒಬ್ಬಳು ಕೇಳಿದಳು, "ಅಕ್ಕ, ಆ ಕಪಾಟಿನ ಪಿಚ್ಚರ್ ಮಕ್ಕಳಿಗೆ ಆಗ್ತದಾ?"

"ಆಗುದಿಲ್ಲ," ಎಂದೆ.

"ಎಂತ, ಕುಡಿಯುದೆಲ್ಲ ಉಂಟಾ?"

"ಕುಡಿಯುದಿಲ್ಲ. ಒಳ್ಳೆ ಮಾತು ಹೇಳ್ಲಿಕ್ಕೆ ಬಂದ ಒಬ್ಬ ಪ್ರಾಯ ಆದವರಿಗೆ ಹೊಡೆದು ನಗಾಡ್ತಾರೆ."

"ಅಷ್ಟೆಯಾ. ಅದು ಕಾಮಿಡಿ ಅಲ್ವಾ ಅಕ್ಕ," ಎಂದು ಅವಳು ನಕ್ಕಳು. ಉಳಿದವರೂ ನಕ್ಕರು. ಎರಡು ವಾರದ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ. ಹಾಗಾಗಿ ಅವರ ಮೇಲೆ ಸಿಟ್ಟು ಮಾಡುವ ಮುಖ ನನಗಿರಲಿಲ್ಲ. ನಾನು ಮಾಡಿದ್ದನ್ನು ಅವರಿಗೆ ಹೇಳಿದೆ, ಜರಡಿಯದ್ದು ಸಹಿತ. ಪಿಚ್ಚರಿನ ವಿಷಯ ಕೇಳಿದವಳು ಒಳಗೆ ತಾಳ ಹಾಕುತ್ತಿದ್ದ ಮಕ್ಕಳ ಕಡೆ ತಿರುಗಿ ನೋಡಿದಳು.

ಗೋಡೆಯ ಆಚೆಯಿಂದ ಅಜ್ಜನ ಆ ಮಾತು ಮತ್ತೆ ಕೇಳೀತೇ ಎಂದು ಈಗಲೂ ಕಿವಿ ಕೊಡುತ್ತೇನೆ. ಇದುವರೆಗೆ ಕೇಳಿಲ್ಲ. ಹುಡುಗಿ ಬೆರಳು ಹಿಡಿದದ್ದನ್ನು ಆ ದಿನ ದೀಪದ ಎದುರು ದೇವರ ಉಪಕಾರ ಎಂದು ಎಣಿಸಿದೆ. ಹಿಡಿದದ್ದು ವ್ಯಾನು ಕಾಣದಾದ ಮೇಲೆ ಎಂಬುದನ್ನೂ ಬಿಡದೆ ಹೇಳಿದೆ.