ಬಿಸಿ ಭತ್ತದಲ್ಲಿ ಹೂತ ಕಾಲುಗಳು

ಮೊಣಕಾಲಿನವರೆಗೆ ತವುಡು ಮೆತ್ತಿ ಬೆಳ್ಳಗಾದ ಎರಡು ಕಾಲುಗಳು: ಕಂಪ್ಲಿಯ ಆ ಅಕ್ಕಿಗಿರಣಿಯ ಯಜಮಾನರನ್ನು ನೆನೆದರೆ ಮುಖಕ್ಕಿಂತ ಮೊದಲು ಇವೇ ಕಣ್ಣಿಗೆ ಬರುತ್ತವೆ. ಶಾಸನಗಳ ಅಧ್ಯಯನದಿಂದ ನಿವೃತ್ತನಾಗಿ ಹೊಸಪೇಟೆಯಲ್ಲಿ ನೆಲೆಸಿದ ನನಗೆ ಮಂಡಿನೋವು ಶುರುವಾದ ಕಾಲದ ಪರಿಚಯ ಅವರದು. ಅವರಿಗೂ ಮಂಡಿನೋವಿತ್ತು, ಜೊತೆಗೆ ಅಂಗಾಲಿನ ಉರಿ. ಎರಡೂ ಮುಪ್ಪಿನದೇ ಎಂದು ಅವರು ನಂಬಿದ್ದರು.

ಕುದಿಸಿದ ಭತ್ತವನ್ನು ಬಾಯ್ಲರಿನಿಂದ ಇಳಿಸಿ ಅಂಗಳದಲ್ಲಿ ಹರವಿದಾಗ, ಅದು ಹದವಾಗಿ ಆರುವವರೆಗೆ ಕಾದು, ಕುರ್ಚಿ ಹಾಕಿಕೊಂಡು ರಾಶಿಯೊಳಗೆ ಕಾಲು ಹೂಳುವುದು ಅವರ ರೂಢಿ.

“ಕುಂದ್ರಿ ಸರ್, ಕಾಲು ತೂರಸ್ರಿ. ಆಮ್ಯಾಲ ನಾಕ್ ಹೆಜ್ಜಿ ಅಡ್ಡಾಡ್ರಿ. ಮಂಡಿನ ಸುಮ್ನ ಕುಂದ್ರಸಬ್ಯಾಡ್ರಿ.”

“ಹಿಂಗ ಕುಂತ್ರ ಒಂದಿನ ಕಾಲಿಗೆ ಮೊಳಕಿ ಬರ್ತಾವು,” ಎನ್ನುತ್ತಿದ್ದರು ಅವರ ಪತ್ನಿ.

“ಬರ್ಲಿ ಬಿಡ, ಆ ಬೆಳಿ ನಿನಗ.”

ಆ ಬಿಸುಪಿನಿಂದ, ಆ ನಡಿಗೆಯಿಂದ ನನ್ನ ಮಂಡಿ ನಿಜಕ್ಕೂ ಸಡಿಲಾಯಿತು.

ದೀಪಾವಳಿಯ ಮರುದಿನ ಹೋದಾಗ ಅವರು ಪೇಢೆ ಕೊಟ್ಟರು. “ಅಂಗಾಲ ಉರಿ ಹೋತು ಸರ್! ಮಂಡಿ ಹಂಗೇ ಐತಿ. ಅದೂ ಹೋಗತೈತಿ ತಗೋರಿ.”

ಇಬ್ಬರೂ ಕಾಲು ಹೂತೆವು. ನಾನು ತಕ್ಷಣ ಕಿತ್ತುಕೊಂಡೆ.

“ಸುಡ್ತದಲ್ರೀ!”

“ಎಲ್ಲಿ ಸುಡತೈತಿ? ಆರಿ ತಣ್ಣಗಾಗೇತಿ. ನಿಮ್ದು ಭಾಳ ನಾಜೂಕು ಬಿಡ್ರಿ.”

ಅವರು ಆರಾಮವಾಗಿ ಕುಳಿತೇ ಇದ್ದರು. ಕೊನೆಗೆ ಕಾಲು ಹೊರತೆಗೆದಾಗ ಪಾದದ ಮೇಲೆ ಚರ್ಮ ಬೊಬ್ಬೆಯೆದ್ದಿತ್ತು. ಅವರ ಪತ್ನಿ ಅದನ್ನು ನೋಡಿದರು. ಮರುದಿನವೇ ನನ್ನ ಜೊತೆ ಅವರನ್ನು ವೈದ್ಯರ ಬಳಿಗೆ ಹೊರಡಿಸಿದರು.

ಹೊಸಪೇಟೆಯಲ್ಲಿ ವೈದ್ಯರು ಕಣ್ಣು ಮುಚ್ಚಿಕೊಳ್ಳಲು ಹೇಳಿ, ತೆಳುವಾದ ನೈಲಾನ್ ಎಳೆಯನ್ನು ಅಂಗಾಲಿನ ಅಲ್ಲಲ್ಲಿ ಒತ್ತಿದರು. ಮುಟ್ಟಿದ್ದು ತಿಳಿದರೆ ಹೇಳಬೇಕಿತ್ತು. ಯಜಮಾನರು ನಗುಮುಖದಿಂದ ಕಾದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: “ಶುರು ಮಾಡ್ರಿ ಡಾಕ್ಟ್ರೇ, ಯಾಕ ತಡ?”

ವೈದ್ಯರು ಆಗಲೇ ಎಳೆಯನ್ನು ಕೆಳಗಿಟ್ಟಿದ್ದರು. “ಮಂಡಿದು ವಯಸ್ಸಿನ ನೋವು. ಪಾದದ್ದು ಸಕ್ಕರಿ ಕಾಯಿಲೆ. ಉರಿ ವಾಸಿ ಆಗಿಲ್ಲ, ನರ ಸತ್ತಾವು,” ಎಂದರು.

ಗಾಯ ಮಾಯಲಿಲ್ಲ. ಬೆರಳುಗಳು ಹೋದವು, ಆಮೇಲೆ ಪಾದ. ಯುಗಾದಿಗೆ ಮೊದಲೇ ಅವರು ತೀರಿಕೊಂಡರು.

ಈಗ ನಿತ್ಯ ಸಂಜೆ ನಾಲ್ಕು ಹೆಜ್ಜೆ ನಡೆದು ಬಂದು, ಕನ್ನಡಿ ಹಿಡಿದು ನನ್ನ ಅಂಗಾಲುಗಳನ್ನು ನೋಡಿಕೊಳ್ಳುತ್ತೇನೆ. ನಡಿಗೆ ಅವರು ಕಲಿಸಿದ್ದು. ಕನ್ನಡಿ ಅವರಿಂದ ಕಲಿತದ್ದು.

ಅವರ ಕಾಲು ಜೀವ ಕಳೆದುಕೊಂಡದ್ದು ಆ ದೀಪಾವಳಿಯ ಆಸುಪಾಸಿನಲ್ಲಿ ಎಂದೇ ನನ್ನ ನೆನಪು ಹೇಳುತ್ತಿತ್ತು. ಇದನ್ನು ಬರೆಯುವ ಮೊದಲು, ಅಭ್ಯಾಸಬಲದಿಂದ, ತಾರೀಖುಗಳನ್ನು ತಾಳೆ ನೋಡಿದೆ. ಎರಡೂ ಮನೆಯವರು ಹಂಪಿಗೆ ಹೋದಾಗ ಗುಡಿಯೊಂದರ ಮುಂದೆ ತೆಗೆದ ಫೋಟೊ ಸಿಕ್ಕಿತು. ಮೂಲೆಯಲ್ಲಿ ಅಚ್ಚಾದ ದಿನಾಂಕ ಆ ದೀಪಾವಳಿಗೂ ಹಿಂದಿನ ಬೇಸಿಗೆಯದು. ಚಪ್ಪಲಿ ಬಿಟ್ಟ ನಾವೆಲ್ಲ ನೆರಳಿಗೆ ಓಡುತ್ತಿದ್ದೇವೆ. ಅವರೊಬ್ಬರೇ ನಡುಮಧ್ಯಾಹ್ನದ ಕಾದ ಹಾಸುಬಂಡೆಯ ಮೇಲೆ ಬರಿಗಾಲಲ್ಲಿ ನಿಂತು, ನಮ್ಮನ್ನು ನೋಡಿ ನಗುತ್ತಿದ್ದಾರೆ.